ಕಣಜದ ಕಾಳೋ, ಕಟ್ಟಿದ ಬುತ್ತಿಯೋ?

ಮೈಕ್ರೋಸಾಫ್ಟ್ ಸಂಸ್ಥೆಯವರು ತಮ್ಮ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಪೋಷಣೆಯನ್ನು 2025ನೆಯ ಅಕ್ಟೋಬರ್ 14ರಂದು ನಿಲ್ಲಿಸಿದರಷ್ಟೆ. ಹಳೆಯ ಗಣಕಯಂತ್ರಗಳಲ್ಲಿ ಅನೇಕವು ವಿಂಡೋಸ್ 11ಕ್ಕೆ ಒಗ್ಗತಕ್ಕವಲ್ಲ. ಗಟ್ಟಿಮುಟ್ಟಾದ ಯಂತ್ರವನ್ನು ಮೂಲೆಗೊತ್ತುವುದು ಮಿತವ್ಯಯವನ್ನು ಬಲ್ಲ ಗೃಹಸ್ಥರಿಗೆ ಒಪ್ಪುವ ಮಾತಲ್ಲ. ಆದುದರಿಂದ ಬೆಲೆಯಿಲ್ಲದೆ ದೊರೆಯುವ ಲಿನಕ್ಸಿನ ಕಡೆಗೆ ಮನಸ್ಸು ಹರಿಯುವುದು ಸಹಜವೇ. ಆದರೆ ಅಲ್ಲಿ ತಂತ್ರಾಂಶಗಳನ್ನು ಯಾವ ರೂಪದಲ್ಲಿ ಮನೆಗೆ ತರಬೇಕೆಂಬ ಪ್ರಶ್ನೆ ಒಡನೆಯೇ ಏಳುತ್ತದೆ.

ಮೊದಲನೆಯದು ಕಣಜದ ಪದ್ಧತಿ. ಕೃಷ್ಣರಾಜನಗರದ ಭತ್ತದ ಸೀಮೆಯವರಿಗೆ ಕಣಜವೆಂದರೇನೆಂದು ನಾವು ಹೇಳಬೇಕಾಗಿಲ್ಲ. 1993ರಲ್ಲಿ ಇಯಾನ್ ಮರ್ಡಾಕ್ ಎಂಬವರು ಆರಂಭಿಸಿದ ಡೆಬಿಯನ್ನಿನಲ್ಲಿ ಹತ್ತು ತಂತ್ರಾಂಶಗಳಿಗೆ ಬೇಕಾದ ಸಾಮಗ್ರಿಯನ್ನು ಒಂದೇ ಕಡೆ ಶೇಖರಿಸಿಡುತ್ತಾರೆ. ಅದರಲ್ಲಿ ದೋಷ ಕಂಡರೆ ಒಮ್ಮೆ ತಿದ್ದಿದರಾಯಿತು, ಹತ್ತಕ್ಕೂ ಗುಣವಾಗುತ್ತದೆ. ಸ್ಥಳವೂ ಸ್ವಲ್ಪವೇ ಸಾಕು. ಕೊರತೆಯೆಂದರೆ, ಹೊಸ ಬೆಳೆಗಾಗಿ ಸುಮಾರು ಎರಡು ವರ್ಷ ಕಾಯಬೇಕಾಗಬಹುದು.

ಎರಡನೆಯದು ಬುತ್ತಿಯ ಪದ್ಧತಿ. ಕೋಟೆಯಿಂದ ಹುಣಸೂರಿಗೆ ಹೊರಟವನು ಬುತ್ತಿ ಕಟ್ಟಿಕೊಳ್ಳುವಂತೆ, ಸ್ನ್ಯಾಪ್, ಫ್ಲಾಟ್‌ಪ್ಯಾಕ್ ಎಂಬ ಕಟ್ಟುಗಳು ತಮಗೆ ಬೇಕಾದುದನ್ನು ಬಹುಮಟ್ಟಿಗೆ ತಾವೇ ಹೊತ್ತು ಬರುತ್ತವೆ. ಹೊಸದು ಬೇಗ ಕೈಸೇರುತ್ತದೆ; ಇತರ ಕಡತಗಳನ್ನು ಮುಟ್ಟದಂತೆ ಬೇಲಿಯನ್ನೂ ಹಾಕಬಹುದು. ಆದರೆ ಹೊರೆ ದೊಡ್ಡದು. ಒಳಗಣ ದೋಷವನ್ನು ಕಟ್ಟಿದವನೇ ತಿದ್ದಬೇಕು.

ಬೀಗದ ಕೈ ಯಾರಲ್ಲಿರಬೇಕೆಂಬುದೂ ವಿಚಾರಾರ್ಹವೇ. ಸ್ನ್ಯಾಪಿನ ಅಂಗಡಿ ಉಬುಂಟುವಿನ ಒಡೆಯರಾದ ಕೆನಾನಿಕಲ್ ಸಂಸ್ಥೆಯೊಂದರ ಅಧೀನದಲ್ಲಿದೆ. 2020ರಲ್ಲಿ ಲಿನಕ್ಸ್ ಮಿಂಟಿನವರು, ಮನೆಯೊಡೆಯನಿಗೆ ತಿಳಿಯದೆ ಸ್ನ್ಯಾಪ್ ಒಳಹೊಗಬಾರದೆಂದು ತಮ್ಮ 20ನೆಯ ಆವೃತ್ತಿಯಲ್ಲಿ ತಡೆ ಹಾಕಿದರು. ಉಬುಂಟುವಿನವರಾದರೋ 2021ರ ಅಕ್ಟೋಬರ್‌ನಲ್ಲಿ ಫೈರ್‌ಫಾಕ್ಸನ್ನೇ ಸ್ನ್ಯಾಪಾಗಿ ಕೊಡತೊಡಗಿದರು. ಫ್ಲಾಟ್‌ಪ್ಯಾಕಿನ ಉಗ್ರಾಣವನ್ನು ಮಾತ್ರ ಯಾರು ಬೇಕಾದರೂ ತೆರೆಯಬಹುದು.

ನಮ್ಮ ಹೆಗ್ಗಡದೇವನಕೋಟೆಯ ಗಡಿಯಾಚೆಯ ಕೇರಳದಲ್ಲಿ ಕೈಟ್ ಎಂಬ ಸರಕಾರೀ ಸಂಸ್ಥೆಯು ಉಬುಂಟುವನ್ನಾಧರಿಸಿ, ಪಾಠಕ್ಕೆ ಬೇಕಾದ ತಂತ್ರಾಂಶಗಳನ್ನೆಲ್ಲ ಮೊದಲೇ ಆರಿಸಿ ಸೇರಿಸಿ, ಶಾಲೆಗಳಿಗೆ ಒದಗಿಸುತ್ತಿದೆ. ಕಾಸರಗೋಡಿನ ಕನ್ನಡ ಮಕ್ಕಳೂ ಆ ವ್ಯವಸ್ಥೆಗೆ ಸೇರಿದವರೇ. ಆರಿಸುವ ಹೊರೆಯನ್ನು ಬಲ್ಲವರು ಹೊತ್ತರೆ ಕಲಿಯುವವರಿಗೆ ಎಷ್ಟು ಹಗುರವೆಂಬುದಕ್ಕೆ ಇದು ನಿದರ್ಶನ.

ಮನೆಯಲ್ಲಿ ಆ ಹೊರೆ ಯಜಮಾನರ ಮೇಲೆಯೇ ಬೀಳುವುದು. ನಮ್ಮ ಸಲಹೆಯಿಷ್ಟೆ: ಮೊದಲು ಪತ್ರ, ಚಿತ್ರ, ಲೆಕ್ಕಗಳ ಪ್ರತಿಯನ್ನು ಬೇರೆಡೆ ತೆಗೆದಿರಿಸಿರಿ. ಪತ್ರ ಬರೆಯುವ ಲಿಬ್ರೆಆಫೀಸ್, ಕನ್ನಡದ ಲೋಹಿತ್, ಗುಬ್ಬಿ, ನವಿಲು ಎಂಬ ಅಕ್ಷರಗಳು ಮುಂತಾದ ನಿತ್ಯದ ಪದಾರ್ಥಗಳು ಡೆಬಿಯನ್ನಿನ ಕಣಜದಲ್ಲಿಯೇ ಇವೆ, ಅಲ್ಲಿಂದಲೇ ತನ್ನಿರಿ. ಹೊಸ ಆವೃತ್ತಿಯೇ ಅವಶ್ಯವಾದಾಗ ಮಾತ್ರ, ಕಟ್ಟಿದವರಾರೆಂದು ವಿಚಾರಿಸಿ, ಬುತ್ತಿಯನ್ನು ಬಿಚ್ಚಿರಿ. ಜಾಲದ ವೇಗವೂ ಯಂತ್ರದ ಸ್ಥಳವೂ ಮಿತವಾಗಿರುವ ಹಳ್ಳಿಯ ಮನೆಗೆ ಈ ಕ್ರಮವೇ ಹಿತಕರವೆಂದು ನಾವು ಭಾವಿಸುತ್ತೇವೆ.