ದೋಸೆಗೆ ಬಾಡಿಗೆ ಉಂಟು, ಭತ್ತಕ್ಕೆ ಇಲ್ಲ!



ಕೋರ್ಟು, ಆಸ್ಪತ್ರೆ, ಮಗನ ಕಾಲೇಜು ಅಂತ ಬೆಂಗಳೂರಿಗೆ ಹೋದಾಗ ನೀವೂ ಹೋಟೆಲಿನ ಮೆಟ್ಟಿಲು ಹತ್ತಿಯೇ ಇರುತ್ತೀರಿ. ನಿಂತು ತಿನ್ನುವ ದರ್ಶಿನಿಯಲ್ಲೇ ಮಸಾಲೆ ದೋಸೆಗೆ 70–80 ರೂಪಾಯಿ. ಫ್ಯಾನಿನ ಕೆಳಗೆ ಕೂತು ತಿಂದರೆ 100 ದಾಟುತ್ತದೆ. "ಏನಪ್ಪಾ ಈ ರೇಟು!" ಅಂತ ಗೊಣಗಿಕೊಂಡು ಬಸ್ ಸ್ಟ್ಯಾಂಡಿಗೆ ನಡೆಯುತ್ತೀರಿ. ಗೊಣಗಿದ್ದು ಸಾಕು, ಒಂದಿಷ್ಟು ಲೆಕ್ಕ ಹಾಕೋಣ.

ಒಂದು ದೋಸೆಗೆ 75 ಗ್ರಾಂ ಅಕ್ಕಿ ಅನ್ನಿ. ಭತ್ತದ ಲೆಕ್ಕದಲ್ಲಿ ಅದು ನೂರಾಹನ್ನೆರಡು ಗ್ರಾಂ. 2025–26ರ ಮುಂಗಾರಿಗೆ ಸರ್ಕಾರ ಸಾಮಾನ್ಯ ಭತ್ತಕ್ಕೆ ಕ್ವಿಂಟಾಲಿಗೆ 2369 ರೂಪಾಯಿ ಬೆಂಬಲ ಬೆಲೆ ಸಾರಿತು. ಆ ಬೆಲೆ ಪೂರ್ತಿ ಕೈಗೆ ಬಂದರೂ ದೋಸೆಯೊಳಗಿನ ಭತ್ತಕ್ಕೆ ಸಿಕ್ಕಿದ್ದು 2 ರೂಪಾಯಿ 65 ಪೈಸೆ. ಉದ್ದಿಗೆ 7800 ರೂಪಾಯಿ ಸಾರಿದರು. ಅದರದ್ದು ಎರಡೂವರೆ ರೂಪಾಯಿ ಆದೀತು. ಆಲೂಗೆಡ್ಡೆ, ಈರುಳ್ಳಿ, ಚಟ್ನಿಯ ಕಾಯಿ ಎಲ್ಲ ಸೇರಿಸಿ, ಹೊಲ ತೋಟದಿಂದ ಹೋದ ಮಾಲು ಹತ್ತು ರೂಪಾಯಿ ಆಸುಪಾಸು. ನಂಬಿಕೆ ಇಲ್ಲದಿದ್ದರೆ ಮನೆಯಲ್ಲಿ ಅಮ್ಮನೋ ಹೆಂಡತಿಯೋ ಹಿಟ್ಟು ರುಬ್ಬುವಾಗ ತೂಕ ಹಾಕಿ ನೋಡಿ. ನೂರು ರೂಪಾಯಿ ಬಿಲ್ಲಿನ ಮೇಲೆ ಜಿ.ಎಸ್.ಟಿ.ಯೇ 5 ರೂಪಾಯಿ. ಭತ್ತ ಬೆಳೆದವನಿಗೆ ದಕ್ಕಿದ್ದಕ್ಕಿಂತ ಹೆಚ್ಚು!

ಹೋಟೆಲಿನವನನ್ನು ಬೈಯಲು ಈ ಮಾತು ಹೇಳುತ್ತಿಲ್ಲ. ಅವನಲ್ಲೂ ಎಷ್ಟೋ ಜನ ನಮ್ಮ ಹಾಗೇ ಹಳ್ಳಿ ಬಿಟ್ಟು ಹೋದವರು. ಲೋಟ ತೊಳೆಯುವ ಹುಡುಗ ಬಹುಶಃ ನಿಮ್ಮ ಪಕ್ಕದ ಊರಿನವನೇ. ಭಟ್ಟರ ಸಂಬಳ, ಗ್ಯಾಸು, ಕರೆಂಟು, ನೀರಿನ ಟ್ಯಾಂಕರು, ಕಟ್ಟಡದ ಬಾಡಿಗೆ, ಬ್ಯಾಂಕಿನ ಬಡ್ಡಿ ಎಲ್ಲವನ್ನೂ ಕೂಡಿಸಿ, ಮೇಲೆ ತನ್ನ ಲಾಭ ಇಟ್ಟು ಅವನು ಬೋರ್ಡು ಬರೆಯುತ್ತಾನೆ. ಕಟ್ಟಡ ಸ್ವಂತದ್ದೇ ಆದರೂ ಜಾಣನಾದವನು "ಬೇರೆಯವರಿಗೆ ಕೊಟ್ಟಿದ್ದರೆ ಇಷ್ಟು ಬಾಡಿಗೆ ಬರುತ್ತಿತ್ತು" ಅಂತ ಅದನ್ನೂ ಹಿಡಿಯುತ್ತಾನೆ. ಸರಿಯಾದ ವ್ಯಾಪಾರ ಅಂದರೆ ಇದೇ. ತಪ್ಪೇನಿದೆ?

ಈಗ ನಮ್ಮ ಬೋರ್ಡು ಯಾರು ಬರೆಯುತ್ತಾರೆ ನೋಡಿ. 2369 ರೂಪಾಯಿ ಹೇಗೆ ಬಂತು? ಒಂದು ಕ್ವಿಂಟಾಲಿಗೆ ಖರ್ಚು 1579 ಅಂತ ದಿಲ್ಲಿಯಲ್ಲಿ ಕೂತು ಹಿಡಿದರು, ಅದರ ಮೇಲೆ ಅರ್ಧ ಸೇರಿಸಿ "ಒಂದೂವರೆ ಪಟ್ಟು ಕೊಟ್ಟೆವು" ಅಂತ ಡಂಗುರ ಹೊಡೆದರು. ಆ 1579ರಲ್ಲಿ ಬೀಜ, ಗೊಬ್ಬರ, ಕೂಲಿ, ಮನೆಯವರ ದುಡಿಮೆ ಇದೆ. ನಿಮ್ಮ ಸ್ವಂತ ಜಮೀನಿನ ಗುತ್ತಿಗೆ ಬೆಲೆ ಇಲ್ಲ! ನೀವು ಹಾಕಿದ ಸ್ವಂತ ಬಂಡವಾಳದ ಬಡ್ಡಿ ಇಲ್ಲ! ಇವೆರಡನ್ನೂ ಸೇರಿಸಿದ ಲೆಕ್ಕ ಅದೇ ಆಯೋಗದ ವರದಿಯಲ್ಲಿ ಅಚ್ಚಾಗುತ್ತದೆ. ಸಿ-2 ಅಂತ ಹೆಸರು. ಅಚ್ಚು ಹಾಕುತ್ತಾರೆ, ಒಂದೂವರೆ ಪಟ್ಟು ಮಾಡುವಾಗ ಮಾತ್ರ ಪಕ್ಕಕ್ಕಿಡುತ್ತಾರೆ. ದೋಸೆಯ ಬೆಲೆಯಲ್ಲಿ ಹೋಟೆಲಿನ ನೆಲಕ್ಕೆ ಬಾಡಿಗೆ ಸೇರಿದೆ, ಅಕ್ಕಿ ಹುಟ್ಟಿದ ನೆಲಕ್ಕೆ ಬಿಡಿಗಾಸೂ ಇಲ್ಲ. ಸೊಸೈಟಿ ಸಾಲ ತೀರಿಸಲು ಕೈಸಾಲ, ಕೈಸಾಲ ತೀರಿಸಲು ಹೆಂಡತಿಯ ಓಲೆ ಯಾಕೆ ಹೋಗುತ್ತದೆ ಅಂತ ತಲೆ ಕೆಡಿಸಿಕೊಳ್ಳುವವರು ಈ ಜಾಗದಲ್ಲಿ ಒಮ್ಮೆ ಬೆರಳಿಟ್ಟು ನೋಡಲಿ. ಈ ಅರೆಬರೆ ಬೆಂಬಲ ಬೆಲೆಯೂ ದೇಶದ ನೂರು ರೈತರಲ್ಲಿ 6 ಮಂದಿಗೆ ಮಾತ್ರ ಸಿಗುತ್ತದೆ ಅಂತ 2015ರಲ್ಲಿ ಶಾಂತಕುಮಾರ್ ಸಮಿತಿಯೇ ಬರೆಯಿತು.

ಮೇಲಿನವರು ದರ ಕಟ್ಟಿದರೆ ಏನಾಗುತ್ತದೆ ಅನ್ನುವುದು ಹೋಟೆಲಿನವರಿಗೂ ಗೊತ್ತು. 1975ರ ತುರ್ತು ಪರಿಸ್ಥಿತಿಯಲ್ಲಿ ತಿಂಡಿಯ ಬೆಲೆ ಇಳಿಸಿ ಅಂತ ಆಜ್ಞೆಯಾಯಿತು. ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್.ನಂಥ ಹೆಸರಾಂತ ಹೋಟೆಲಿಗೇ ಆ ದರದಲ್ಲಿ ಗುಣಮಟ್ಟ ಕಾಯುವುದು ಕಷ್ಟವಾಗಿ, ಅದು ಪೊಟ್ಟಣದ ಹಿಟ್ಟು-ಪುಡಿಗಳ ವ್ಯಾಪಾರಕ್ಕೆ ಕೈ ಹಾಕಿತು. ಅವರಿಗೆ ಇನ್ನೊಂದು ದಾರಿ ಇತ್ತು. ನಾಟಿ ಮಾಡಿದ ಗದ್ದೆಯನ್ನು ನೀವು ಯಾವ ಪೊಟ್ಟಣಕ್ಕೆ ತುಂಬುತ್ತೀರಿ?

2023ರ ಟೊಮೇಟೊ ನೆನಪಿದೆಯಾ? ಜುಲೈನಲ್ಲಿ ಕೋಲಾರದ ಮಂಡಿಯಲ್ಲಿ 15 ಕಿಲೋ ಬಾಕ್ಸು 2000 ದಾಟಿತು. ದೇಶವೇ ಮುಳುಗಿತು ಅನ್ನುವ ಹಾಗೆ ಪತ್ರಿಕೆಗಳು ಕೂಗಿದವು. ಕೇಂದ್ರ ಸರ್ಕಾರ ನಮ್ಮ ಕಡೆಯಿಂದಲೇ ಕೊಂಡು ದಿಲ್ಲಿಯಲ್ಲಿ 90 ರೂಪಾಯಿಗೆ ಗಾಡಿಯಲ್ಲಿಟ್ಟು ಮಾರಿತು. ಆಗಸ್ಟಿನಿಂದ ಬೆಂಗಳೂರಿನ ಹೋಟೆಲುಗಳು ನೂರಕ್ಕೆ ಹತ್ತರಂತೆ ದರ ಏರಿಸಿದವು. ಸೆಪ್ಟೆಂಬರಿನಲ್ಲಿ ಟೊಮೇಟೊ ನೆಲ ಕಚ್ಚಿತು. ಆಗ ಯಾವ ಗಾಡಿ ಬಂತು ನಿಮ್ಮ ಹೊಲಕ್ಕೆ? ಏರಿದ ದೋಸೆ ಇಳಿಯಿತೇ? ಪೇಟೆಯ ಗ್ರಾಹಕ ಟೊಮೇಟೊಗೆ ಕೊಡುವ ರೂಪಾಯಿಯಲ್ಲಿ ರೈತನಿಗೆ ಸಿಗುವುದು 33 ಪೈಸೆ ಅಂತ 2024ರಲ್ಲಿ ರಿಸರ್ವ್ ಬ್ಯಾಂಕ್ ಹೊರತಂದ ಅಧ್ಯಯನ ಹೇಳಿತು. ಅದು ತರಕಾರಿ ಅಂಗಡಿಯ ಮಾತು. ಸಾರಾಗಿ ಹೋಟೆಲ್ ಟೇಬಲಿಗೆ ಬಂದ ಮೇಲೆ ಆ ಪೈಸೆಯನ್ನು ಭೂತಗನ್ನಡಿ ಹಿಡಿದು ಹುಡುಕಬೇಕು.

ತಿಂಡಿ ದುಬಾರಿ ಅನ್ನುವ ಪೇಟೆ ಬಂಧುಗಳು ಸಿಕ್ಕರೆ ಜಗಳ ಬೇಡ. ಈ ಹತ್ತು ರೂಪಾಯಿ ಲೆಕ್ಕ ಹೇಳಿ. ನಮಗೆ ಭತ್ತ, ಉದ್ದಿನ ಬೆಲೆ ಒಂದೂವರೆ ಪಟ್ಟು ಸಿಕ್ಕಿದರೂ ದೋಸೆಗೆ ಏರುವುದು ಎರಡೂವರೆ ರೂಪಾಯಿ. ಅಷ್ಟಕ್ಕೆ ಪೇಟೆ ಉಪವಾಸ ಬೀಳುವುದಿಲ್ಲ.

ಮುಂದಿನ ಸಂಘದ ಸಭೆಗೆ ಪ್ರತಿಯೊಬ್ಬರೂ ಒಂದು ಚೀಟಿ ಬರೆದು ತನ್ನಿ. ಎಕರೆಗೆ ಬೀಜ, ಗೊಬ್ಬರ, ಉಳುಮೆ, ಕೂಲಿ. ಅದರ ಕೆಳಗೆ ನಿಮ್ಮೂರಲ್ಲಿ ನಡೆಯುವ ಗುತ್ತಿಗೆ ದರ. ಅದರ ಕೆಳಗೆ ಬಡ್ಡಿ. ಗುತ್ತಿಗೆ, ಬಡ್ಡಿ ಬಿಟ್ಟು ಬರೆದ ಚೀಟಿಯನ್ನು ವಾಪಸು ಕೊಡಲಾಗುವುದು. ಎಲ್ಲ ಚೀಟಿ ಕೂಡಿಸಿ ತಾಲ್ಲೂಕು ಕಚೇರಿ ಗೋಡೆಯ ಮೇಲೆ ನಮ್ಮದೇ ದರಪಟ್ಟಿ ಬರೆಯೋಣ, ಹೋಟೆಲಿನವನು ಬರೆಯುವ ಹಾಗೆ ದಪ್ಪ ಅಕ್ಷರದಲ್ಲಿ.