ಹೊಳಪೇ ಶುದ್ಧಿಯಲ್ಲ

ತಾಮ್ರದ ಪಾತ್ರೆಗೆ ಕಲಾಯಿ ಹಾಕುವುದನ್ನು ವಾಚಕರಲ್ಲಿ ಕೆಲವರಾದರೂ ನೋಡಿರಬಹುದು. ಕಲಾಯಿಗಾರನು ಮೊದಲು ಪಾತ್ರೆಯನ್ನು ಚೆನ್ನಾಗಿ ತಿಕ್ಕಿ ತೊಳೆಯುತ್ತಾನೆ. ಬಳಿಕ ಅದನ್ನು ಕಾಯಿಸಿ, ನವಸಾಗರದ ಪುಡಿಯನ್ನು ಎರಚಿ, ತವರವನ್ನು ಸವರುತ್ತಾನೆ. ನವಸಾಗರವೇಕೆ? ಕಾದ ತಾಮ್ರದ ಮೇಲೆ ಆಕ್ಸೈಡಿನ ತೆಳುವಾದ ಪೊರೆಯೊಂದು ಮೂಡುತ್ತದೆ. ಅದನ್ನು ತೊಡೆದುಹಾಕಿದಲ್ಲದೆ ತವರವು ಲೋಹಕ್ಕೆ ಹಿಡಿಯದು. ಲೇಪವು ನಿಲ್ಲಬೇಕಾದರೆ ತನ್ನ ಆಧಾರವನ್ನೇ ಮುಟ್ಟಬೇಕು, ನಡುವಣ ಕೊಳೆಯನ್ನಲ್ಲ. ಈ ಹಳೆಯ ಪಾಠವನ್ನು ಮೋಟಾರು ಕಾರಿನ ಬಣ್ಣದ ವಿಷಯದಲ್ಲಿ ನಾವು ಮರೆಯುತ್ತಿದ್ದೇವೆಂಬುದು ನನ್ನ ಅಭಿಪ್ರಾಯ.

ಇಂದಿನ ಬಹುಪಾಲು ಕಾರುಗಳಲ್ಲಿ ಬಣ್ಣದ ಮೇಲೆ ಪಾರದರ್ಶಕವಾದ ಮತ್ತೊಂದು ಪದರವಿರುತ್ತದೆ. ಅದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್. ಎಂದರೆ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗವನ್ನೂ ಮೀರದು. ಬಿಸಿಲು ಮಳೆಗಳಿಂದ ಬಣ್ಣವನ್ನು ಕಾಯುವುದು ಇದೇ. ಇದರ ಮೇಲೆ ಗೀರುಗಳು ಬಿದ್ದಾಗ ಬೆಳಕು ಅಡ್ಡಾದಿಡ್ಡಿಯಾಗಿ ಚೆದರಿ ಮೇಲ್ಮೈ ಮಂಕಾಗಿ ಕಾಣುತ್ತದೆ. ಒಪ್ಪ ಹಾಕುವ ಯಂತ್ರವು ಅಲ್ಯೂಮಿನಿಯಮ್ ಆಕ್ಸೈಡಿನಂತಹ ನಯವಾದ ಪುಡಿಯಿಂದ ಈ ಪದರವನ್ನು ಕೊಂಚ ಸವೆಸಿ ಸಮಮಾಡುತ್ತದೆ. ಪುಡಿಯು ಸರಾಗವಾಗಿ ಜಾರಲೆಂದು ಪಾಲಿಷಿನಲ್ಲಿ ಎಣ್ಣೆಯನ್ನು ಬೆರೆಸಿರುವುದುಂಟು. ಕೆಲಸ ಮುಗಿದ ಮೇಲೂ ಈ ಎಣ್ಣೆಯ ಅಂಶ ಅಲ್ಲಿಯೇ ಉಳಿಯುತ್ತದೆ.

ಇದರಿಂದ ಎರಡು ಬಗೆಯ ವಂಚನೆ ಉಂಟಾಗುತ್ತದೆ. ಖನಿಜ ತೈಲದ ವಕ್ರೀಭವನಾಂಕ ಸುಮಾರು 1.47, ಪಾರದರ್ಶಕ ಪದರದ್ದು ಸುಮಾರು 1.5. ಇವೆರಡೂ ಹತ್ತಿರವಿರುವುದರಿಂದ, ಗೀರಿನಲ್ಲಿ ತುಂಬಿದ ಎಣ್ಣೆಯು ಗೀರನ್ನೇ ಕಣ್ಣಿಗೆ ಮರೆಮಾಡುತ್ತದೆ. ಎರಡನೆಯದಾಗಿ, ಎಣ್ಣೆ ಸವರಿದ ಮೈಮೇಲೆ ನೀರು ಮಣಿಮಣಿಯಾಗಿ ನಿಲ್ಲುತ್ತದೆ. ರಕ್ಷಣೆಯ ಲೇಪ ಹಿಡಿದಿದೆಯೆಂದು ನೋಡುವವನು ಭ್ರಮಿಸುತ್ತಾನೆ. ಸೀಲೆಂಟ್ ಎಂಬ ಆ ಲೇಪವನ್ನು ಎಣ್ಣೆಯ ಮೇಲೆಯೇ ಹಚ್ಚಿದರೆ ಅದು ಎಣ್ಣೆಗೆ ಅಂಟುತ್ತದೆಯೇ ಹೊರತು ಬಣ್ಣಕ್ಕಲ್ಲ.

ಕಣ್ಣಿಗೆ ಕಾಣದಷ್ಟು ಕೊಳೆಗೆ ಇಷ್ಟು ಮಹತ್ವವೇ ಎಂದು ಕೇಳಬಹುದು. ಜರ್ಮನಿಯ ಆಗ್ನೆಸ್ ಪೊಕೆಲ್ಸ್ ಎಂಬ ಮಹಿಳೆ ವಿಶ್ವವಿದ್ಯಾನಿಲಯದ ಶಿಕ್ಷಣವಿಲ್ಲದೆ ತನ್ನ ಮನೆಯಲ್ಲಿಯೇ ಪ್ರಯೋಗ ನಡೆಸಿ, ಅತ್ಯಲ್ಪವಾದ ಜಿಡ್ಡು ಕೂಡ ನೀರಿನ ಮೇಲ್ಮೈ ಎಳೆತವನ್ನು ಬದಲಿಸುವುದೆಂದು ತೋರಿಸಿದಳು. ಲಾರ್ಡ್ ರ್‍ಯಾಲೆಯ ನೆರವಿನಿಂದ ಆಕೆಯ ಪತ್ರವು 1891ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಮುಂದೆ ಇಂತಹ ಪೊರೆಗಳು ಒಂದೇ ಅಣುವಿನಷ್ಟು ದಪ್ಪವಿರಬಲ್ಲವೆಂಬುದನ್ನು ಸ್ಪಷ್ಟಪಡಿಸಿದ ಅರ್ವಿಂಗ್ ಲ್ಯಾಂಗ್ಮೂರ್ 1932ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಮೇಲ್ಮೈಯ ಲೋಕದಲ್ಲಿ ಅಲ್ಪವೆಂಬುದು ಅಲ್ಪವಲ್ಲ.

ಪರಿಹಾರವು ಸುಲಭ. ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲನ್ನಾಗಲಿ, ಇದಕ್ಕೆಂದೇ ತಯಾರಿಸಿದ ದ್ರವವನ್ನಾಗಲಿ ಸ್ವಲ್ಪ ಸ್ವಲ್ಪವೇ ಚಿಮುಕಿಸಿ, ಮೆತ್ತನೆಯ ಶುಭ್ರವಾದ ಬಟ್ಟೆಯಿಂದ ಒತ್ತದೆ ಒರಸಬೇಕು. ಬಟ್ಟೆಯ ಮಗ್ಗುಲನ್ನು ಆಗಾಗ ಬದಲಿಸಬೇಕು. ಇಲ್ಲವಾದರೆ ಒಂದು ಕಡೆಯ ಎಣ್ಣೆಯನ್ನು ಇನ್ನೊಂದು ಕಡೆಗೆ ಸಾಗಿಸಿದಂತಾಗುತ್ತದೆ. ಕಾರು ನೆರಳಿನಲ್ಲಿ ತಣ್ಣಗಿರಬೇಕು. ಆಲ್ಕೊಹಾಲಿನ ಆವಿಗೆ ಬೆಂಕಿ ಹತ್ತುವುದರಿಂದ ಗಾಳಿಯಾಡುವ ಸ್ಥಳವೇ ತಕ್ಕುದು. ಬೀಡಿ, ಬೆಂಕಿಕಡ್ಡಿಗಳು ದೂರವಿರಲಿ. ಹೊಸದಾಗಿ ಬಳಿದ ಬಣ್ಣಕ್ಕೆ ಗಾಢವಾದ ಆಲ್ಕೊಹಾಲು ಹಾನಿಕರ. ಒರಸಿದ ಮೇಲೆ ದೀಪವನ್ನು ಓರೆಯಾಗಿ ಹಿಡಿದು ಮೇಲ್ಮೈಯನ್ನು ಪರೀಕ್ಷಿಸಬೇಕು.

ಎಲ್ಲ ಸಂದರ್ಭದಲ್ಲಿಯೂ ಇದು ಅನಿವಾರ್ಯವೆಂದು ನಾನು ವಾದಿಸುವುದಿಲ್ಲ. ಪರಸ್ಪರ ಹೊಂದುವಂತೆ ತಯಾರಿಸಿದ ಪಾಲಿಷು ಮತ್ತು ಲೇಪಗಳೂ ಉಂಟು. ಅಲಕ್ಷ್ಯದಿಂದ ಒರಸಿದರೆ ಹೊಸ ಗೀರುಗಳು ಬೀಳುವುದೂ ನಿಜವೇ. ಆದರೆ "ಹೊಳೆಯುತ್ತಿದೆಯಲ್ಲ, ಇನ್ನೇಕೆ ಒರಸಬೇಕು?" ಎಂಬ ಮಾತನ್ನು ಮಾತ್ರ ಒಪ್ಪಲಾರೆ. ಎಣ್ಣೆಯಡಿ ಅಡಗಿದ ಗೀರುಗಳು ಕೆಲವು ಸಲ ತೊಳೆದ ಮೇಲೆ ಮತ್ತೆ ತಲೆಯೆತ್ತುತ್ತವೆ. ಆಗ ಯಜಮಾನನು ಪುನಃ ಯಂತ್ರದಿಂದ ಒಪ್ಪ ಹಾಕಿಸುತ್ತಾನೆ. ಪದರವು ಪುನಃ ಸವೆಯುತ್ತದೆ. ಸವೆದ ಪದರವು ಚರ್ಮದಂತೆ ಮರಳಿ ಬೆಳೆಯುವುದಿಲ್ಲ. ಹತ್ತು ನಿಮಿಷದ ಶ್ರಮವನ್ನು ಉಳಿಸಿದವನು ವರ್ಷಗಳ ರಕ್ಷಣೆಯನ್ನು ಕಳೆದುಕೊಂಡಂತಾಯಿತು.

ಆದುದರಿಂದ ಈ ನಡುವಣ ಶುದ್ಧಿಯು ಮುಂದಿನ ಲೇಪಕ್ಕೆ ಸಿದ್ಧತೆಯಷ್ಟೇ ಅಲ್ಲ, ಹಿಂದಿನ ಕೆಲಸದ ಪರೀಕ್ಷೆಯೂ ಹೌದು. ಗೀರು ಹೋಗಿದೆಯೋ, ಮರೆಯಾಗಿದೆಯೋ ಎಂಬುದನ್ನು ಅದೊಂದೇ ಹೇಳಬಲ್ಲುದು. ಪ್ರಯೋಗಶಾಲೆಯಲ್ಲಿ ಗಾಜಿನ ನಳಿಕೆಗಳನ್ನು ತೊಳೆಯಲು ಬೇಸರಪಡುವ ವಿದ್ಯಾರ್ಥಿಗಳು ಇದನ್ನು ನೆನಪಿನಲ್ಲಿಡಲಿ. ಮೆಚ್ಚಿಕೆಯಾದ ಫಲಿತಾಂಶವು ದೊರೆತೊಡನೆ, ಅದು ನಿಜವೋ ಎಣ್ಣೆಯ ಹೊಳಪೋ ಎಂದು ಒಮ್ಮೆ ಒರಸಿ ನೋಡುವವನೇ ವಿಜ್ಞಾನದ ವಿದ್ಯಾರ್ಥಿ.