ಸ್ವಲ್ಪ ಹಿಡಕೋ ಅನ್ನುವವರಿಗೆ

"ಸ್ವಲ್ಪ ಹಿಡಕೋ" ಎಂಬ ಮಾತಿನಷ್ಟು ಮೋಸದ ಮಾತು ನಮ್ಮಲ್ಲಿ ಇನ್ನೊಂದಿಲ್ಲ. ಸ್ವಲ್ಪ ಎಂದರೆ ಎಷ್ಟು ಹೊತ್ತು ಎಂದು ಹೇಳಿದವರಿಗೇ ಗೊತ್ತಿರುವುದಿಲ್ಲ. ಹಿಡಿದವರಂತೂ ಕೇಳುವ ಹಾಗಿಲ್ಲ. ಈ ಮಾತಿನ ಮೇಲೆ ನನಗೆ ಬಹಳ ವರ್ಷಗಳ ಸಿಟ್ಟಿದೆ. ಆ ಸಿಟ್ಟು ಶುರುವಾದದ್ದು ಒಂದು ವಿಮಾನದ ಬಾಲದಿಂದ ಎಂದರೆ ನೀವು ನಗುತ್ತೀರಿ. ಬನಹಟ್ಟಿಯ ನೇಕಾರರ ಮನೆಯಲ್ಲಿ ಹುಟ್ಟಿ ಜಮಖಂಡಿಗೆ ಸೊಸೆಯಾಗಿ ಬಂದವಳಿಗೂ ವಿಮಾನಕ್ಕೂ ಏನು ಸಂಬಂಧ? ನಮ್ಮ ಕಡೆ ವಿಮಾನ ಇಳಿಯುವ ನಿಲ್ದಾಣವೂ ಇಲ್ಲ.

ಸಂಬಂಧ ನಮ್ಮ ಮನೆಯವರದು. ಜಮಖಂಡಿಯಲ್ಲಿ ಪಂಪ್‌ಸೆಟ್ ರಿಪೇರಿಯ ಅಂಗಡಿ ಹಾಕುವ ಮೊದಲು ಅವರು ಪರರಾಜ್ಯದ ಒಂದು ಹಾರಾಟ ಸಂಸ್ಥೆಯ ಹ್ಯಾಂಗರಿನಲ್ಲಿ ಹೆಲ್ಪರ್ ಆಗಿದ್ದರು. ಅಲ್ಲಿದ್ದದ್ದು ಪುಷ್ಪಕ ಎಂಬ ಪುಟ್ಟ ವಿಮಾನ. ರಾಮಾಯಣದ್ದಲ್ಲ, ಬೆಂಗಳೂರಿನ ಎಚ್.ಎ.ಎಲ್. ಕಟ್ಟಿದ್ದು. 1958ರಲ್ಲಿ ಮೊದಲು ಹಾರಿತು; ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಎಷ್ಟೋ ಹುಡುಗರು ಅದರಲ್ಲೇ ಹಾರಲು ಕಲಿತರು. ಇಬ್ಬರು ಕೂರುವಷ್ಟು ಜಾಗ, ಉಕ್ಕಿನ ಕೊಳವೆಗಳ ಮೈ, ಮೇಲೆ ಬಿಗಿದ ಬಟ್ಟೆ. ನೇಕಾರರ ಮಗಳಾದ ನನಗೆ ಆ ಬಟ್ಟೆಯ ಸಂಗತಿ ಕೇಳಿಯೇ ಅದರ ಮೇಲೆ ಅಕ್ಕರೆ ಬಂದಿತ್ತು.

ಇಂಥ ವಿಮಾನಕ್ಕೆ ಮುಂದೆ ಎರಡು ದೊಡ್ಡ ಗಾಲಿ, ಬಾಲದ ಕೆಳಗೆ ಒಂದು ಚಿಕ್ಕ ಗಾಲಿ. ನೆಲದ ಮೇಲೆ ಮೂಗೆತ್ತಿ, ಬಾಲ ಊರಿ ಕೂತಿರುತ್ತದೆ. ಆ ಚಿಕ್ಕ ಗಾಲಿ ಬಿಚ್ಚಬೇಕಾದರೆ, ವಿಮಾನ ತೂಗಬೇಕಾದರೆ ಬಾಲವನ್ನು ಮೇಲೆತ್ತಿ ನಿಲ್ಲಿಸಬೇಕು. ಅದಕ್ಕೊಂದು ಕ್ರಮವಿದೆ. ಮುಂದಿನ ಗಾಲಿಗಳಿಗೆ ಹಿಂದೂ ಮುಂದೂ ಅಡ್ಡಗಟ್ಟಿಗೆ ಕೊಡಬೇಕು. ಕಟ್ಟಿದವರ ಪುಸ್ತಕದಲ್ಲಿ ತೋರಿಸಿದ ಜಾಗದಲ್ಲೇ ಹಿಡಿದು ಎತ್ತಬೇಕು. ಬಾಲದ ರೆಕ್ಕೆಯ ಅಂಚು ಹಿಡಿದರೆ ಒಳಗಿನ ಚೌಕಟ್ಟು ಬಾಗುತ್ತದೆ. ಆಮೇಲೆ ಸರಿಯಾದ ಎತ್ತರದ, ಮೇಲೆ ಮೆತ್ತೆ ಸುತ್ತಿದ ಗಟ್ಟಿ ಸ್ಟ್ಯಾಂಡಿನ ಮೇಲೆ ಕೂರಿಸಿ, ಬಾಲಕ್ಕೆ ಭಾರ ಕಟ್ಟಬೇಕು. ಯಾಕೆಂದರೆ ಬಾಲ ಏರಿದಷ್ಟೂ ಭಾರ ಮುಂದಕ್ಕೆ ಸರಿದು ಬಾಲ ಹಗುರಾಗುತ್ತದೆ. ಆಗ ಮುಂದೆ ಯಾರಾದರೂ ಎಂಜಿನ್ ಮೇಲೆ ಒರಗಿದರೆ ಮೂಗು ನೆಲಕ್ಕೆ ಬಡಿಯಬಹುದು. ಮುಂದಿನ ಎಂಜಿನ್ ಇಳಿಸಿದರೋ, ಬಾಲ ಒಮ್ಮೆಲೇ ಭಾರವಾಗುತ್ತದೆ. ಸ್ಟ್ಯಾಂಡಿನ ಮೇಲಿರುವಾಗ ಒಳಗೆ ಯಾರೂ ಹತ್ತಬಾರದು.

ಇಷ್ಟೆಲ್ಲ ಗೊತ್ತಿದ್ದವರೇ ತಪ್ಪು ಮಾಡಿದರು. 1984ರ ಒಂದು ದಿನ. ಸ್ಟ್ಯಾಂಡಿನ ಒಂದು ಕಾಲು ಮುರಿದು ಎಷ್ಟೋ ತಿಂಗಳಾಗಿತ್ತು. ಹೊಸದು ಮಾಡಿಸಲು ಬರೆದ ಚೀಟಿ ಮೇಜಿನಿಂದ ಮೇಜಿಗೆ ಅಲೆಯುತ್ತಿತ್ತು. ಹಿರಿಯ ಮೆಕ್ಯಾನಿಕ್ ನಮ್ಮವರನ್ನು ಕರೆದು, "ಸ್ವಲ್ಪ ಹೆಗಲು ಕೊಟ್ಟು ಹಿಡಕೋ, ಐದು ನಿಮಿಷ" ಅಂದ. ಪುಷ್ಪಕದ ಬಾಲವನ್ನು ಒಬ್ಬ ಗಟ್ಟಿ ಆಳು ಎತ್ತಬಲ್ಲ. ಮೋಸ ಇರುವುದೇ ಅಲ್ಲಿ. ಎತ್ತಬಲ್ಲ ಎಂದ ಮಾತ್ರಕ್ಕೆ ಹೊತ್ತು ನಿಲ್ಲಬಲ್ಲ ಎಂದು ತಿಳಿದುಬಿಡುತ್ತಾರೆ. ಬೋಲ್ಟು ತುಕ್ಕು ಹಿಡಿದಿತ್ತು. ಐದು ನಿಮಿಷ ಅರ್ಧ ಗಂಟೆಯಾಯಿತು. ಅಷ್ಟರಲ್ಲಿ ಇನ್ನೊಬ್ಬ ಏನೋ ತೆಗೆಯಲೆಂದು ಕ್ಯಾಬಿನ್ನಿಗೆ ಹತ್ತಿದ. ಬಾಲ ಒಮ್ಮೆಲೇ ಕುಸಿಯಿತು. ನಮ್ಮವರು ಬಿಡಲಿಲ್ಲ. ಆಮೇಲೆ ನಾನು ಯಾಕೆ ಬಿಡಲಿಲ್ಲ ಎಂದು ಕೇಳಿದ್ದಕ್ಕೆ, "ಕೆಳಗ ಅವನ ಕೈ ಇತ್ತು. ಬಿಟ್ರ ಅವಾ ಕೆಡತಿದ್ದ, ಹಿಡದ್ರ ನಾ ಕೆಡತಿದ್ದೆ" ಅಂದರು.

ಬಾಲದ ಮೇಲೆ ಒಂದು ತಗ್ಗು ಬಿದ್ದಿತ್ತು. ಅದಕ್ಕೆ ವರದಿ ಬರೆದರು, ಪರೀಕ್ಷೆ ಮಾಡಿಸಿದರು, ಸಹಿ ಹಾಕಿದರು. ನಮ್ಮವರ ಹೆಗಲಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಅವರು ಊರಿಗೆ ಬಂದರು. ಇಂದಿಗೂ ಬಲಗೈ ತಲೆಯ ಮೇಲೆ ಏಳುವುದಿಲ್ಲ. ಅಂಗಿ ತೊಡಿಸುವವಳು ನಾನು. ಮುರಿದ ಸ್ಟ್ಯಾಂಡಿನ ಬದಲು ಅವರ ಹೆಗಲು, ಮುರಿದ ಹೆಗಲಿನ ಬದಲು ನನ್ನ ಕೈ. ನಾಲ್ಕು ಕಟ್ಟಿಗೆ ತುಂಡಿನ ಖರ್ಚು ಉಳಿಸಿದ ಲೆಕ್ಕ ಎಲ್ಲಿಗೆ ಬಂದು ಮುಟ್ಟಿತು ನೋಡಿ.

ಇದು ವಿಮಾನದವರ ಸಮಾಚಾರ, ನಮಗೇಕೆ ಎನ್ನಬೇಡಿ. ರಬಕವಿ-ಬನಹಟ್ಟಿಯ ಪವರ್‌ಲೂಮ್ ಶೆಡ್ಡುಗಳಲ್ಲಿ ನೂಲು ಸುತ್ತಿದ ಬೀಮನ್ನು ಮಗ್ಗಕ್ಕೆ ಏರಿಸುವುದನ್ನು ನೋಡಿ. ನನ್ನ ಅವ್ವ ಒಂದು ತುದಿ ಹಿಡಿದು ನಿಲ್ಲುತ್ತಿದ್ದಳು, ಅಪ್ಪ ಇನ್ನೊಂದು ತುದಿ ಕೂರಿಸುವವರೆಗೆ. ಮುಧೋಳದ ರಸ್ತೆಯಲ್ಲಿ ಕಬ್ಬಿನ ಹಂಗಾಮಿನಲ್ಲಿ ನಿಂತು ನೋಡಿ. ಟ್ರೇಲರಿನ ಕೊಂಡಿಗೆ ಪಿನ್ನು ಕೂರುವವರೆಗೆ ಅದರ ಮೂತಿ ಹಿಡಿದು ನಿಂತವರು ಯಾರು? ಕಬ್ಬು ಕಡಿದು ದಣಿದ ಹೆಂಗಸು, ಇಲ್ಲವೇ ಶಾಲೆಯಲ್ಲಿರಬೇಕಾದ ಹುಡುಗ. ಡ್ರೈವರ್ ಮೇಲಿಂದ ಕೂಗುವುದು ಅದೇ ಮಾತು: "ಸ್ವಲ್ಪ ಹಿಡಕೋ!"

ಹಾಗೆಂದು ನಮ್ಮವರಿಗೆ ತಿಳಿವಳಿಕೆ ಇಲ್ಲವೆಂದಲ್ಲ. ಬೀಳಗಿ ತಾಲ್ಲೂಕಿನ ನನ್ನ ಸೋದರಮಾವ ಎತ್ತು ಬಿಚ್ಚಿದ ಕೂಡಲೇ ಚಕ್ಕಡಿಯ ನೊಗದ ಕೆಳಗೆ ಒಂದು ಕಟ್ಟಿಗೆ ಆನಿಸುತ್ತಿದ್ದ. ನೊಗ ಹಿಡಿದು ನಿಲ್ಲು ಎಂದು ಯಾರಿಗೂ ಹೇಳಲಿಲ್ಲ. ಓದು ಬಾರದ ಒಕ್ಕಲಿಗನಿಗೆ ಗೊತ್ತಿದ್ದದ್ದು ಹ್ಯಾಂಗರಿನಲ್ಲಿ, ಶೆಡ್ಡಿನಲ್ಲಿ, ನಮ್ಮ ಮನೆಗಳಲ್ಲಿ ಯಾಕೆ ಮರೆತುಹೋಗುತ್ತದೆ? ಅಲ್ಲಿ ಪುಕ್ಕಟೆ ಕೈಗಳಿವೆ, ಅದಕ್ಕೆ. ಹೆಲ್ಪರ್ ಇದ್ದಾನಲ್ಲ, ಹೆಂಡತಿ ಇದ್ದಾಳಲ್ಲ, ಸೊಸೆ ಇದ್ದಾಳಲ್ಲ. ಕೈಗೆ ಬೆಲೆ ಇಲ್ಲದಲ್ಲಿ ಸ್ಟ್ಯಾಂಡು ಯಾವಾಗಲೂ ದುಬಾರಿಯಾಗಿಯೇ ಕಾಣುತ್ತದೆ.

1936ರಲ್ಲಿ ಸರಳಾ ಠಕ್ರಾಲ್ ಎಂಬ ಇಪ್ಪತ್ತೊಂದರ ತಾಯಿ ಸೀರೆಯುಟ್ಟು ಜಿಪ್ಸಿ ಮಾತ್ ವಿಮಾನ ಹಾರಿಸಿದರು. 1949ರಲ್ಲಿ ಉಷಾ ಸುಂದರಂ ಬೆಂಗಳೂರಿನ ಸರ್ಕಾರಿ ಹಾರಾಟ ಶಾಲೆಯಲ್ಲಿ ಕಲಿತು ಹೊರಬಂದರು. ಅವರ ಹೆಸರು ಕೇಳಿದರೆ ಹೆಮ್ಮೆಯಾಗುತ್ತದೆ, ಆಗಲೇಬೇಕು. ಜಿಪ್ಸಿ ಮಾತ್ ಕೂಡ ಬಾಲ ಊರಿ ಕೂರುವ ವಿಮಾನವೇ. ಅದನ್ನು ಶೆಡ್ಡಿನಿಂದ ಹೊರತರಲು ಕೆಳಗೆ ಯಾರಾದರೂ ಬಾಲ ಎತ್ತಬೇಕಿತ್ತು. ಆ ಜನರ ಹೆಸರನ್ನೂ ಬರೆಯಿರಿ, ಹಾರ ಹಾಕಿರಿ ಎಂದು ನಾನು ಕೇಳುವುದಿಲ್ಲ. ನಮ್ಮನ್ನು ಹೊಗಳುವುದರಲ್ಲಿ ಯಾರಿಗೂ ಜಿಪುಣತನವಿಲ್ಲ. "ನೀನೇ ಈ ಮನೆಯ ಆಧಾರ" ಎನ್ನುತ್ತಾರೆ, ನಾವು ಉಬ್ಬಿ ಇನ್ನೂ ಅರ್ಧ ಗಂಟೆ ಹಿಡಿದು ನಿಲ್ಲುತ್ತೇವೆ. ನನಗೆ ಹೊಗಳಿಕೆ ಬೇಡ. ಸ್ಟ್ಯಾಂಡು ಬೇಕು.

ಒಬ್ಬರಿಗೊಬ್ಬರು ಕೈ ಕೊಡದಿದ್ದರೆ ಸಂಸಾರ ಹೇಗೆ ನಡೆದೀತು ಎಂದು ಕೇಳುವವರಿದ್ದಾರೆ. ಕೈ ಕೊಡಬಾರದು ಎಂದು ನಾನೆಲ್ಲಿ ಹೇಳಿದೆ? ಎತ್ತುವಾಗ ಎಲ್ಲರೂ ಕೈ ಹಚ್ಚೋಣ, ನಾನೂ ಬರುತ್ತೇನೆ. ಎತ್ತಿದ್ದನ್ನು ಹೊತ್ತು ನಿಲ್ಲುವುದು ಮನುಷ್ಯರ ಕೆಲಸವಲ್ಲ, ಅದು ಕಟ್ಟಿಗೆಯ ಕೆಲಸ, ಕಬ್ಬಿಣದ ಕೆಲಸ. ಮನೆಯಲ್ಲೂ ಅಷ್ಟೆ. ಹಾಸಿಗೆ ಹಿಡಿದ ಅತ್ತೆಯನ್ನು ಏಳಿಸಿ ಕೂರಿಸಲು ಗೋಡೆಗೆ ಒಂದು ಕಬ್ಬಿಣದ ಹಿಡಿ ಹಾಕಿಸಿ ಎಂದು ನಾನು ಎರಡು ವರ್ಷ ಹೇಳಿದೆ. "ನೀ ಇದ್ದೀಯಲ್ಲ" ಎಂಬ ಉತ್ತರ ಬಂತು. ನನ್ನ ಸೊಂಟ ಹಿಡಿದ ಮೇಲೆ ಒಂದೇ ದಿನದಲ್ಲಿ ಹಿಡಿ ಬಂತು. ಅಂದರೆ ದುಡ್ಡಿತ್ತು, ಗಾರೆಯವನೂ ಇದ್ದ. ಇಲ್ಲದ್ದು ಅವಸರ ಒಂದೇ.

ಬೇರೆಯವರನ್ನು ಬೈದದ್ದು ಸಾಕು, ನನ್ನದೂ ಹೇಳುತ್ತೇನೆ. ಕಳೆದ ದೀಪಾವಳಿಗೆ ಅಟ್ಟದ ಮೇಲಿನ ತಾಮ್ರದ ಹಂಡೆ ಇಳಿಸಲು ಸ್ಟೂಲು ಹತ್ತಿದೆ. ಸ್ಟೂಲಿನ ಒಂದು ಕಾಲು ಅಲುಗಾಡುತ್ತಿತ್ತು. ಅಂಗಡಿಯಲ್ಲಿ ನಮ್ಮವರು ತಾವೇ ಮಾಡಿಟ್ಟುಕೊಂಡ ಗಟ್ಟಿ ಕಬ್ಬಿಣದ ಸ್ಟ್ಯಾಂಡು ಇದೆ, ನಾಲ್ಕು ಹೆಜ್ಜೆ ದೂರ. ನಾನು ಮಾತ್ರ ಸೊಸೆಯನ್ನು ಕರೆದೆ. ನನ್ನ ಬಾಯಿಂದ ಬಂದದ್ದು ಅದೇ: "ಸ್ವಲ್ಪ ಹಿಡಕೋ ಬಾ."

ಅವಳು ಬಂದಳು. ಸ್ಟೂಲು ನೋಡಿದಳು, ನನ್ನನ್ನು ನೋಡಿದಳು. "ಅತ್ತೀ, ಅಂಗಡ್ಯಾಗ ಸ್ಟ್ಯಾಂಡ ಐತಲ್ರಿ?" ಅಂದಳು.

ಎದುರುತ್ತರ ಎಂದು ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಇಳಿದೆ. ಇಬ್ಬರೂ ಹೋಗಿ ಸ್ಟ್ಯಾಂಡು ಎತ್ತಿಕೊಂಡು ಬಂದೆವು.